ಖಾಲಿ ಕುರ್ಚಿಗೆ ಕೈಮುಗಿದ ಅಕ್ಕ

ಬೆಳಗಿನ ಬೆಳಕು ಇನ್ನೂ ಕಿಟಕಿಯ ಗಾಜು ದಾಟಿಲ್ಲ. ಉದ್ಯೋಗ ಕಚೇರಿಯ ಕಬ್ಬಿಣದ ಷಟರ್ ಅರ್ಧಕ್ಕೆ ಮೇಲೆದ್ದಿದೆ. ಅದರಡಿಯಿಂದ ಮೊದಲು ಒಂದು ಬಕೆಟ್ ಒಳಗೆ ಬರುತ್ತದೆ, ಆಮೇಲೆ ಇನ್ನೊಂದು, ಕೊನೆಗೆ ಸೊಂಟ ಬಗ್ಗಿಸಿಕೊಂಡು ಬಕೆಟ್ ಅಕ್ಕ. ಷಟರ್ ಪೂರ್ತಿ ಎತ್ತಬಾರದೇ ಎಂದು ಕೇಳಿದರೆ ಅವರ ಬಳಿ ಉತ್ತರ ರೆಡಿ ಇದೆ. "ಪೂರ್ತಿ ಎತ್ತಿದ್ರೆ ಆಫೀಸ್ ತೆಗೀತು ಅಂತ ಜನ ನುಗ್ಗಿಬಿಡ್ತಾರೆ. ಕೆಲಸ ಹುಡುಕ್ಕೊಂಡು ಬಂದೋರು ಒದ್ದೆ ನೆಲದಲ್ಲಿ ಜಾರಿ ಕೈಕಾಲು ಮುರ್ಕೊಂಡ್ರೆ ಆ ಪಾಪ ಯಾರ ತಲೆಗೆ?"

ಬಕೆಟ್ ಅಕ್ಕ ಅನ್ನುವುದು ಇಲ್ಲಿ ಕಾಯುವವರು ಇಟ್ಟ ಹೆಸರು. ಬಕೆಟ್ಟಿನ ಹಿಡಿ ಸದ್ದಾದರೆ ಬಾಗಿಲು ತೆಗೆಯುವ ಹೊತ್ತು ಹತ್ತಿರವಾಯಿತು ಎಂದು ಹೊರಗೆ ಮೆಟ್ಟಿಲ ಮೇಲೆ ಕೂತವರಿಗೆ ಗೊತ್ತಾಗುತ್ತದೆ. ವಯಸ್ಸಿನಲ್ಲಿ ಹಿರಿಯರಾದವರೂ ಅಕ್ಕ ಅಂತಲೇ ಕರೆಯುತ್ತಾರೆ. ಅದಕ್ಕೆ ಅವರಿಗೇನೂ ಬೇಸರವಿಲ್ಲ.

ಒಂದು ಬಕೆಟ್ಟಿನಲ್ಲಿ ಫಿನಾಯಿಲ್ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಪೊರಕೆ, ಆಮೇಲೆ ಒರೆಸುವ ಕೋಲು, ಕೌಂಟರಿನ ಗಾಜಿಗೆ ಹಳೇ ಪೇಪರು. ಇಷ್ಟು ಕೆಲಸ ಯಾವ ಕಟ್ಟಡದಲ್ಲಾದರೂ ನಡೆಯುತ್ತದೆ. ಇಲ್ಲಿ ಮಾತ್ರ ನಡೆಯುವ ಕೆಲಸ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ಹೆಗಲ ಮೇಲಿನ ಒಣಬಟ್ಟೆ ತೆಗೆದು, ಕಾಯುವವರ ಕೋಣೆಯ ನಲವತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೊಂದಾಗಿ ಒರೆಸುತ್ತ, ನಿನ್ನೆ ಅದರ ಮೇಲೆ ಕೂತಿದ್ದವರನ್ನು ನೆನೆಸಿಕೊಂಡು ಅಕ್ಕ ದೇವರಿಗೆ ಒಂದು ಮಾತು ಹೇಳುತ್ತಾರೆ. ಪೇಂಟರ್‌ಗೆ ಒಂದು, ಹೊಲಿಗೆಯವಳಿಗೆ ಒಂದು, ಕಾಲೇಜು ಮುಗಿಸಿ ಅಪ್ಪನ ಎದುರು ಕೂರಲಾರದೆ ಇಲ್ಲಿ ಬಂದು ಕೂರುವ ಹುಡುಗಿಗೆ ಒಂದು.

ಯಾರ ಕುರ್ಚಿ ಯಾವುದು ಅಂತ ಹೇಗೆ ಗೊತ್ತು? ಇಲ್ಲಿ ಬಂದ ಹೊಸ ಕೆಲಸಗಳನ್ನು ದಿನಾ ಬೆಳಿಗ್ಗೆ ಕೌಂಟರಿನಿಂದ ಕೂಗಿ ಹೇಳುತ್ತಾರೆ. ಕೂಗಿದಾಗ ಇದ್ದವನೇ ಭಾಗ್ಯವಂತ, ಇಲ್ಲದಿದ್ದರೆ ಹೋಯಿತು. ಹಾಗಾಗಿ ಕೆಲಸವಿಲ್ಲದವರು ದಿನವೂ ಬರುತ್ತಾರೆ, ಬಂದವರು ಅದೇ ಜಾಗದಲ್ಲಿ ಕೂರುತ್ತಾರೆ. "ಕೆಲಸ ಹೋದೋರಿಗೆ ಇದು ನಂದು ಅಂತ ಹೇಳ್ಕೊಳ್ಳೋಕೆ ಇರೋದು ಅದೊಂದೇ ಜಾಗ. ಬಿಟ್ಕೊಡಲ್ಲ," ಎನ್ನುತ್ತಾರೆ ಅಕ್ಕ.

ಕಳೆದ ವರ್ಷದವರೆಗೂ ಅವರು ದೇವರಿಗೆ ಹೇಳುತ್ತಿದ್ದ ಮಾತು ಒಂದೇ. ನಾಳೆ ಇವರು ಇಲ್ಲಿಗೆ ಬರದ ಹಾಗೆ ಮಾಡಪ್ಪ. ಈಗ ಆ ಮಾತು ಅವರ ಬಾಯಲ್ಲಿ ಬರುವುದಿಲ್ಲ. ನೆನಪಾದರೆ ಒರೆಸುವ ಬಟ್ಟೆ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. "ಅದನ್ನ ನಾನೇ ಹೇಳ್ತಿದ್ನಾ ಅಂತ ಈಗಲೂ ನಂಬೋಕೆ ಆಗಲ್ಲ," ಎನ್ನುತ್ತಾರೆ.

ಆ ಮಾತು ಹುಟ್ಟಿದ್ದು ಅವರ ಸ್ವಂತ ಮನೆಯಲ್ಲಿ. ಅಕ್ಕನ ಗಂಡ ನೂಲಿನ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿತು. ಗಂಡ ಇದೇ ಕೋಣೆಯ ಕಂಬದ ಪಕ್ಕದ ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕೂತರು. ಅದೇ ಸಮಯಕ್ಕೆ ಕಚೇರಿಯಲ್ಲಿ ಕಸ ಗುಡಿಸುವವರು ಬೇಕಾಗಿದ್ದರು. ಗಂಡ ಕೆಲಸ ಕೇಳಲು ಬಂದ ಜಾಗದಲ್ಲಿ ಹೆಂಡತಿಗೆ ಪೊರಕೆ ಸಿಕ್ಕಿತು. ಬೆಳಿಗ್ಗೆ ಅವರ ಕುರ್ಚಿ ಇವರೇ ಒರೆಸುವುದು, ಆಮೇಲೆ ಅವರು ಬಂದು ಅದರಲ್ಲಿ ಕೂರುವುದು, ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ಇರುವುದು. ಅಕ್ಕ ಆಗಲೇ ಶುರು ಮಾಡಿದ್ದು, ನಾಳೆ ಬರದ ಹಾಗೆ ಮಾಡಪ್ಪ ಅಂತ. ಒಂದು ದಿನ ಗಂಡ ಬರಲಿಲ್ಲ. ಗೋದಾಮೊಂದರಲ್ಲಿ ರಾತ್ರಿ ಕಾವಲಿನ ಕೆಲಸ ಸಿಕ್ಕಿತ್ತು. ಆ ಖಾಲಿ ಕುರ್ಚಿಗೆ ಅಕ್ಕ ಕೈಮುಗಿದರು. ಅವತ್ತಿನ ಚಹಾಕ್ಕೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತು ಕುಡಿದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರದಾದರೂ ಕುರ್ಚಿ ವಾರವಿಡೀ ಖಾಲಿ ಉಳಿದರೆ, ಕೆಲಸ ಸಿಕ್ಕಿತು ಅಂತ ಲೆಕ್ಕ. ಕೈಮುಗಿಯುವುದು, ಒಂದು ಚಮಚ ಸಕ್ಕರೆ. ಕೋಣೆಯಲ್ಲಿ ಕೂತವರಿಗೆಲ್ಲ ಈ ಗುಟ್ಟು ಗೊತ್ತಿತ್ತು. "ಅಕ್ಕ, ನಮ್ಮ ಸಕ್ಕರೆ ಯಾವಾಗ?" ಎಂದು ತಮಾಷೆ ಮಾಡುತ್ತಿದ್ದರು. ಗಂಡ ಮನೆಯಲ್ಲಿ, "ಊರಿಗೆಲ್ಲ ಕೆಲಸ ಸಿಕ್ಕಿ ನಿನಗೆ ಸಕ್ಕರೆ ಕಾಯಿಲೆ ಬರುತ್ತೆ ನೋಡು," ಎಂದು ರೇಗಿಸುತ್ತಿದ್ದರು.

ಖಾಲಿ ಕುರ್ಚಿ ಅಂದರೆ ಸಿಕ್ಕ ಕೆಲಸ ಎಂದು ನಂಬಿದ್ದು ಅಕ್ಕ ಒಬ್ಬರೇ ಅಲ್ಲ. ಕೌಂಟರಿನ ಮೇಡಂ ಕೂಡ ಹಾಗೇ ಅಂದುಕೊಂಡಿದ್ದರು. ಬರುವುದು ನಿಲ್ಲಿಸಿದವರು ಎಲ್ಲೋ ಸೇರಿಕೊಂಡಿರುತ್ತಾರೆ ಎನ್ನುವುದು ಅವರ ಮಾತು. ನಾವೂ ನೀವೂ ಅಷ್ಟೇ. ಕಣ್ಣಿಗೆ ಬೀಳದವರೆಲ್ಲ ಚೆನ್ನಾಗಿದ್ದಾರೆ ಅಂತ ತಿಳಿದರೆ ನಮಗೂ ನಿದ್ದೆ ಸಲೀಸು.

ಇನ್ನು ಲೇತ್ ಅಣ್ಣನ ವಿಷಯ. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಕೂದಲು ನೆರೆತ ಮನುಷ್ಯ, ಎತ್ತರದ ಆಳು. ಕಾರ್ಖಾನೆ ಬೇರೆಯವರ ಕೈಗೆ ಹೋದಾಗ ಹಳಬರನ್ನೆಲ್ಲ ಮನೆಗೆ ಕಳಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಜನ ಆಡಿಕೊಂಡರೂ ಸರಿ, ಇಸ್ತ್ರಿ ಹಾಕಿದ ಅಂಗಿ ಇಲ್ಲದೆ ಅವರು ಕೋಣೆಗೆ ಕಾಲಿಟ್ಟವರಲ್ಲ. ಅಕ್ಕ ಮಧ್ಯಾಹ್ನ ಎರಡನೇ ಸಲ ನೆಲ ಒರೆಸುವಾಗ ಉಳಿದವರು ಕಾಲು ಎತ್ತುತ್ತಾರೆ, ಕೆಲವರು ಅದನ್ನೂ ಎತ್ತುವುದಿಲ್ಲ. ಲೇತ್ ಅಣ್ಣ ಎದ್ದು, ಕುರ್ಚಿ ಎತ್ತಿ ಕೈಯಲ್ಲಿ ಹಿಡಿದು, ನೆಲ ಪೂರ್ತಿ ಒಣಗುವವರೆಗೂ ಗೋಡೆಗೆ ಒರಗಿ ನಿಂತಿರುತ್ತಿದ್ದರು. "ನೆಲ ಒರೆಸೋರಿಗೆ ಮುಖಕ್ಕಿಂತ ಕಾಲು ಹೆಚ್ಚು ಗೊತ್ತಿರುತ್ತೆ. ಆ ಥರ ನಿಲ್ಲೋ ಕಾಲು ನಾನು ಬೇರೆ ನೋಡಿಲ್ಲ," ಎನ್ನುತ್ತಾರೆ ಅಕ್ಕ.

ಒಂದು ವಾರ ಆ ಕುರ್ಚಿಯೂ ಖಾಲಿ ಉಳಿಯಿತು. ಅಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವತ್ತು ಒಂದಲ್ಲ, ಎರಡು ಚಮಚ ಹಾಕಿಕೊಂಡರು.

ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹೆಂಗಸೊಬ್ಬರು ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಟವೆಲ್ ಸುತ್ತಿದ ಊಟದ ಡಬ್ಬಿ. "ಇವರು ಡಬ್ಬಿ ಮರೆತು ಬಂದಿದ್ದಾರೆ, ಒಳಗೆ ಕೂತಿರ್ತಾರೆ, ಸ್ವಲ್ಪ ಕೊಟ್ಬಿಡ್ತೀರಾ?" ಎಂದರು. ಯಾರಿಗೆ ಎಂದು ಅಕ್ಕ ಕೇಳಿದರು. "ಲೇತ್ ಕೆಲಸದವರು. ಎತ್ತರಕ್ಕಿದ್ದಾರೆ, ಇಸ್ತ್ರಿ ಅಂಗಿ," ಎಂದರು ಆಕೆ.

ಅಕ್ಕನ ಮುಖ ಅರಳಿತು. ಬಾಯಿಗೆ ಬಂದದ್ದನ್ನು ತಡೆಯಲಿಲ್ಲ. "ಅಯ್ಯೋ ಅತ್ತಿಗೆ, ಅಣ್ಣನಿಗೆ ಕೆಲಸ ಸಿಕ್ಕಿ ಯಾವ ಕಾಲ ಆಯ್ತು. ನಾಲ್ಕು ತಿಂಗಳಿಂದ ಈ ಕಡೆ ತಲೆನೇ ಹಾಕಿಲ್ಲ. ನಾನು ಎರಡು ಚಮಚ ಸಕ್ಕರೆ ಹಾಕ್ಕೊಂಡು ಚಹಾ ಕುಡಿದಿದ್ದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತಿಗೆ ಡಬ್ಬಿಯನ್ನು ಎದೆಗೆ ಅವುಚಿಕೊಂಡರು. ಆಮೇಲೆ ನಿಧಾನಕ್ಕೆ ಹೇಳಿದರು: "ಇವತ್ತೂ ಇಲ್ಲಿಗೇ ಅಂತ ಹೊರಟ್ರು. ದಿನಾ ಇಲ್ಲಿಗೇ ಬರೋದು. ಸಂಜೆ ಬಂದು ಏನೇನು ಕೆಲಸ ಕೂಗಿದ್ರು ಅಂತ ಹೇಳ್ತಾರೆ. ನಿನ್ನೆ ಎರಡು ಡ್ರೈವರ್ ಕೆಲಸ, ಒಂದು ಅಡುಗೆ ಕೆಲಸ ಅಂದ್ರು."

ನಿನ್ನೆ ತಾರಸಿ ಸೋರುತ್ತಿದೆಯೆಂದು ರಿಪೇರಿಗೆ ಬಿಟ್ಟು ಕಚೇರಿಯ ಬಾಗಿಲೇ ತೆಗೆದಿರಲಿಲ್ಲ.

ಅದನ್ನು ಹೇಳಬೇಕೋ ಬೇಡವೋ ಎಂದು ಅಕ್ಕನಿಗೆ ತಿಳಿಯಲಿಲ್ಲ. ಹೇಳದಿದ್ದರೂ ಅತ್ತಿಗೆಗೆ ಅಕ್ಕನ ಮುಖದಲ್ಲೇ ಅದು ಕಂಡಿತು. ಮನುಷ್ಯ ಬೆಳಿಗ್ಗೆ ಮನೆ ಬಿಡುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ನಡುವಿನ ಹೊತ್ತು ಎಲ್ಲಿರುತ್ತಾನೆ? ಇವತ್ತು ಡಬ್ಬಿಯನ್ನೂ ಬಿಟ್ಟು ಹೋಗಿದ್ದಾನೆ. ಮರೆತು ಬಿಟ್ಟನೋ, ಇನ್ನು ಬೇಡ ಎಂದು ಬಿಟ್ಟನೋ? ಇಬ್ಬರು ಹೆಂಗಸರ ಮನಸ್ಸೂ ಹೋಗಬಾರದ ಕಡೆಗೆಲ್ಲ ಹೋಗಿ ಬಂತು. "ಕೈಯಲ್ಲಿದ್ದ ಒರೆಸೋ ಕೋಲು ಎಲ್ಲಿ ಬಿಟ್ಟೆ ಅಂತ ಗೊತ್ತಿಲ್ಲ. ಆ ಮನುಷ್ಯನ ಮೇಲೆ ದೇವರ ಕಣ್ಣು ಇರ್ಲಿ ಅಂತ ಬೇಡ್ತಿದ್ದವಳು ನಾನು. ಕೆಲಸ ಸಿಕ್ತು ಅಂತ ನಾನೇ ತೀರ್ಮಾನ ಮಾಡಿ ಬೇಡೋದನ್ನೇ ನಿಲ್ಲಿಸಿಬಿಟ್ಟಿದ್ದೆ," ಎನ್ನುತ್ತಾರೆ ಅಕ್ಕ.

ಅತ್ತಿಗೆಯನ್ನು ಕರೆದುಕೊಂಡು ಅಕ್ಕ ತಮ್ಮ ಮನೆಗೆ ಓಡಿದರು. ರಾತ್ರಿ ಕಾವಲು ಮುಗಿಸಿ ಬಂದ ಗಂಡ ಆಗಷ್ಟೇ ಮಲಗಿದ್ದರು. ಎಬ್ಬಿಸಿ ವಿಷಯ ಹೇಳಿದರೆ ಅವರು ಹೌಹಾರಲಿಲ್ಲ. ಅದೇ ಅಕ್ಕನಿಗೆ ವಿಚಿತ್ರವೆನಿಸಿತು. ಗಂಡ ಎದ್ದು ಕೂತು, ಹೊದಿಕೆ ಮಡಚುತ್ತ, "ಜನ ಕಾಯ್ಕೊಂಡು ಕೂರೋ ಜಾಗದಲ್ಲಿ ಹುಡುಕಿ. ಅಲ್ಲಿ ಯಾರೂ ನೀನ್ಯಾಕೆ ಕೂತಿದ್ದೀಯ ಅಂತ ಕೇಳಲ್ಲ," ಎಂದರು.

"ನಿಮಗೆ ಹೇಗ್ರೀ ಗೊತ್ತು?"

"ನಾನೂ ಕೂತಿದ್ದೆ. ಗಿರಣಿ ಮುಚ್ಚಿದಾಗ, ನೀನು ಆಫೀಸಿಗೆ ಸೇರೋಕೆ ಮುಂಚೆ. ಇದೇ ಆಫೀಸಿಗೆ ಅಂತ ಹೊರಟು ಎಷ್ಟೋ ದಿನ ಬಸ್ ನಿಲ್ದಾಣದಲ್ಲಿ ಕೂತಿರ್ತಿದ್ದೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ."

"ನೀನು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ," ಎಂದು ಗಂಡ ಅಂಗಿ ಹಾಕಿಕೊಂಡು ಹೊರಟರು.  ಪಕ್ಕದಲ್ಲಿ ಮಲಗುವ ಮನುಷ್ಯನ ಬಗ್ಗೆಯೇ ತನಗೆ ಇಷ್ಟು ಗೊತ್ತಿಲ್ಲವೆಂದರೆ ನಲವತ್ತು ಕುರ್ಚಿಗಳ ಬಗ್ಗೆ ಏನು ಗೊತ್ತಿದ್ದೀತು ಎಂದು ಅಕ್ಕನಿಗೆ ಮೊದಲ ಸಲ ಅನ್ನಿಸಿತು.

ಬಸ್ ನಿಲ್ದಾಣದಲ್ಲಿ ಲೇತ್ ಅಣ್ಣ ಇರಲಿಲ್ಲ. ಆಗ ಅಕ್ಕನಿಗೆ ಓರಗಿತ್ತಿಯ ನೆನಪಾಯಿತು. ಗಂಡನ ತಮ್ಮನ ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ. ಫೋನ್ ಮಾಡಿ ಬಣ್ಣ, ಎತ್ತರ, ಅಂಗಿ ಎಲ್ಲ ವಿವರಿಸಿದರು. ಆಸ್ಪತ್ರೆ ಅಂದಮೇಲೆ ಅಂಥವರು ನೂರಾರು ಜನ ಎಂದಳು ಓರಗಿತ್ತಿ. "ನೆಲ ಒರೆಸುವಾಗ ಎದ್ದು ನಿಲ್ತಾರೆ ಕಣೆ, ಒಣಗೋವರೆಗೂ ಕೂರಲ್ಲ," ಎಂದರು ಅಕ್ಕ. ಓರಗಿತ್ತಿಗೆ ತಟ್ಟನೆ ಹೊಳೆಯಿತು. "ಓ, ಅವರಾ? ಮೂಳೆ ಡಾಕ್ಟರ ಕೋಣೆ ಎದುರು ಕೂರ್ತಾರಲ್ಲ. ದಿನಾ ಬರ್ತಾರೆ ಪಾಪ. ಯಾವ ಮೂಳೆ ಮುರಿದಿದೆಯೋ ಅಂದ್ಕೊಂಡಿದ್ದೆ."

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಕೈಗೆ ಪಟ್ಟಿ ಕಟ್ಟಿಕೊಂಡವರು, ಊರುಗೋಲು ಹಿಡಿದವರ ನಡುವೆ, ಇಸ್ತ್ರಿ ಅಂಗಿಯ ಮನುಷ್ಯ ನೆಟ್ಟಗೆ ಕೂತಿದ್ದರು. ಕೈಯಲ್ಲಿ ಚೀಟಿಯಿಲ್ಲ, ಮೈಯಲ್ಲಿ ನೋವಿಲ್ಲ. ಹೆಂಡತಿಯನ್ನು ಕಂಡವರೇ ಎದ್ದು ನಿಂತರು. ಆಕೆಯ ಕೈಯನ್ನು ನೋಡಿ, "ಡಬ್ಬಿ ಮರೆತೆ," ಎಂದರು.

"ಮೊದ್ಲು ಊಟ ಮಾಡಿ. ಆಮೇಲೆ ಮಾತಾಡೋಣ," ಎಂದರು ಅತ್ತಿಗೆ.

ಅವರು ಉಂಡರು. ಆ ಕಡೆ ಹೆಂಡತಿ, ಈ ಕಡೆ ಅಕ್ಕ. ಅಕ್ಕನ ಗಂಡ ಸ್ವಲ್ಪ ದೂರದಲ್ಲಿ ಗೋಡೆ ನೋಡುತ್ತ ನಿಂತಿದ್ದರು. ಡಬ್ಬಿ ಖಾಲಿಯಾದ ಮೇಲೆ ಲೇತ್ ಅಣ್ಣ ಮಾತಾಡಿದ್ದು ಹೆಂಡತಿಯ ಹತ್ತಿರವಲ್ಲ, ಅಕ್ಕನ ಹತ್ತಿರ. ಆ ಮಾತನ್ನು ಅಕ್ಕ ಒಂದಕ್ಷರ ಬಿಡದೆ ಹೇಳುತ್ತಾರೆ.

"ಅಕ್ಕ, ನಾನು ಬೇಗ ಬಂದು ಮೆಟ್ಟಿಲ ಮೇಲೆ ಕೂತಿರ್ತಿದ್ದೆ. ಷಟರ್ ಅರ್ಧ ತೆಗೆದಿರ್ತಿತ್ತು, ನೀವು ಬೇಡ್ಕೊಳ್ಳೋದು ಕೇಳಿಸ್ತಿತ್ತು. ನಾಳೆ ಇವರು ಬರದ ಹಾಗೆ ಮಾಡು ಅಂತಿದ್ರಿ. ನಾಳೆ ಆದ್ರೆ ನಾನು ಮತ್ತೆ ಅಲ್ಲೇ. ನನ್ನ ಕಂಡ ತಕ್ಷಣ ನಿಮ್ಮ ಮುಖ ಸಣ್ಣಗಾಗ್ತಿತ್ತು. ಕೆಲಸ ಕೊಡದೋರ ಮುಖ ನೋಡಬಲ್ಲೆ, ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ. ಬೇರೆಯವರ ಕುರ್ಚಿ ಖಾಲಿ ಆದ್ರೆ ನೀವು ಸಕ್ಕರೆ ಹಾಕ್ಕೊಂಡು ಕುಡಿಯೋದು ನೋಡಿದ್ದೆ. ನನ್ನಿಂದ ಯಾರಿಗೂ ಏನೂ ಆಗ್ಲಿಲ್ಲ, ನಿಮಗೆ ಅದೊಂದು ಚಮಚ ಆದ್ರೂ ಸಿಗ್ಲಿ ಅಂದ್ಕೊಂಡೆ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಇಲ್ಲಿ ದೈವವನ್ನು ದೂರುವ ಹಾಗೂ ಇಲ್ಲ. ಕೆಲಸವಿಲ್ಲದವನಿಗಾಗಿ ಬೇಡಿದ ಮಾತೇ ಅವನನ್ನು ಕೋಣೆಯಿಂದ ಹೊರಗೆ ಅಟ್ಟಿತ್ತು. ಕಾರ್ಖಾನೆ ಅಟ್ಟಿದ್ದು ಒಂದು, ಇದು ಇನ್ನೊಂದು.  "ಬೈದಿದ್ರೆ ತಡ್ಕೋತಿದ್ದೆ. ನನಗೆ ಒಳ್ಳೇದಾಗ್ಲಿ ಅಂತ ಹೋಗಿ ಆಸ್ಪತ್ರೇಲಿ ಕೂತಿದ್ರಲ್ಲ, ಅದನ್ನ ಹೇಗೆ ತಡ್ಕೊಳ್ಳೋದು?" ಎನ್ನುತ್ತಾರೆ ಅಕ್ಕ.

ಆಮೇಲೆ ಅವರಿಗೆ ಒಂದೇ ಚಿಂತೆ. ಹಾಗಾದರೆ ಉಳಿದ ಖಾಲಿ ಕುರ್ಚಿಗಳ ಕಥೆಯೇನು? ಮಧ್ಯಾಹ್ನದ ಕೆಲಸ ಮುಗಿಸಿ ಅಕ್ಕ ಹುಡುಕಿಕೊಂಡು ಹೊರಟರು. ಒಬ್ಬ ಬ್ರೆಡ್ಡು ಸುಡುವ ಹುಡುಗ ನಿಜಕ್ಕೂ ಬೇಕರಿ ಸೇರಿದ್ದ, ಹಿಟ್ಟಿನ ಕೈಯಲ್ಲೇ ಬಂದು ಮಾತಾಡಿಸಿದ. ಅವನನ್ನು ಕಂಡು ಅಕ್ಕ ಅತ್ತೇಬಿಟ್ಟರು, ಅವನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಬಾಗಿಲ ಬಳಿ ಕೂರುತ್ತಿದ್ದ ಟೈಪಿಸ್ಟ್ ಅಜ್ಜಿಯ ಬಾಡಿಗೆ ಕೋಣೆಗೆ ಹೋದರೆ ಅಲ್ಲಿ ಬೇರೆ ಸಂಸಾರ ಇತ್ತು. ಅಜ್ಜಿ ಜ್ವರ ಬಂದು ತೀರಿಕೊಂಡು ವರ್ಷ ಕಳೆದಿತ್ತು. ಕುರ್ಚಿ ಖಾಲಿಯಾದ ವಾರವೇ ತೀರಿಕೊಂಡದ್ದು. "ಸತ್ತವರ ಹೆಸರಲ್ಲಿ ಸಕ್ಕರೆ ತಿಂದಿದ್ದೀನಿ," ಎನ್ನುತ್ತಾರೆ ಅಕ್ಕ.

ಅಲ್ಲಿಂದ ಬಾಯಿಗೆ ಬೀಗ ಬಿತ್ತು. ಕುರ್ಚಿ ಒರೆಸುತ್ತಿದ್ದರು, ಮಾತಿಲ್ಲ. ದೇವರೇ ಎನ್ನಲು ಹೋಗಿ, ಹಾಗೇ ಮುಂದಿನ ಕುರ್ಚಿಗೆ ಸರಿಯುತ್ತಿದ್ದರು. ತನ್ನ ಬಾಯಿಂದ ಹೊರಟ ಮಾತು ಇನ್ನು ಯಾರನ್ನು ಎಲ್ಲಿಗೆ ಅಟ್ಟೀತೋ ಎಂಬ ಭಯ. ಗಂಡ ರೇಗಿಸುವುದನ್ನು ಬಿಟ್ಟು, ತಾವೇ ಚಹಾ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂರುತ್ತಿದ್ದರು.

ಈ ಬೀಗ ತೆಗೆದವರು ಲೇತ್ ಅಣ್ಣ. ಹೆಂಡತಿಯ ಮಾತಿಗೆ ಕಟ್ಟುಬಿದ್ದು ಅವರು ಮತ್ತೆ ಕಚೇರಿಗೆ ಬರತೊಡಗಿದ್ದರು, ಮೆಟ್ಟಿಲ ಮೇಲೆ ಕೂರತೊಡಗಿದ್ದರು. ಒಂದು ಬೆಳಿಗ್ಗೆ ಅರ್ಧ ತೆಗೆದ ಷಟರಿನಡಿ ತಲೆ ಬಗ್ಗಿಸಿ ಒಳಗೆ ಇಣುಕಿದರು. "ಏನಕ್ಕ, ನಮ್ಮನ್ನೆಲ್ಲ ಬಿಟ್ಟುಬಿಟ್ರಾ? ಒಂದು ತಿಂಗಳಿಂದ ಏನೂ ಕೇಳಿಸ್ತಿಲ್ಲ," ಎಂದರು.

"ನನ್ನ ಬಾಯಿ ಒಳ್ಳೇದಲ್ಲ ಅಣ್ಣ."

"ಬಾಯಿ ಚೆನ್ನಾಗೇ ಇದೆ. ಬರದ ಹಾಗೆ ಮಾಡು ಅನ್ಬೇಡಿ, ಅಷ್ಟೇ. ಕೆಲಸ ಸಿಗದಿದ್ರೂ ಬಂದು ಕೂರಬಹುದು ಅಂತ ಹೇಳಿ. ಆಗ ನಾನು ಬರ್ತೀನಿ."

ಆ ದಿನದಿಂದ ಅಕ್ಕನ ಮಾತು ಬದಲಾಗಿದೆ. ಇವರಿಗೊಂದು ಕೆಲಸ ಕೊಡಪ್ಪ, ಕೊಡೋವರೆಗೂ ಇವರು ಬರ್ತಾ ಇರ್ಲಿ, ಅನ್ನುವುದು ಈಗಿನ ಮಾತು. ನಿಯಮವೂ ಬದಲಾಗಿದೆ. ಕೆಲಸ ಸಿಕ್ಕವರು ತಾವೇ ಬಂದು ಹೇಳಬೇಕು, ಹೇಳಿದರೆ ಮಾತ್ರ ಸಕ್ಕರೆ. ಎರಡು ದಿನ ಬರದಿದ್ದರೆ ಅಕ್ಕ ಮನೆ ಬಾಗಿಲಿಗೆ ಬರುತ್ತಾರೆ. ಮನೆಯಲ್ಲಿ ಸಿಗದಿದ್ದರೆ ಜೊತೆಗೆ ಲೇತ್ ಅಣ್ಣ ಹೊರಡುತ್ತಾರೆ. ಗ್ರಂಥಾಲಯದ ಪೇಪರ್ ಓದುವ ಮೇಜು, ಕೋರ್ಟಿನ ಜಗಲಿ, ಆಸ್ಪತ್ರೆಯ ಪಡಸಾಲೆ, ಕೆಲಸವಿಲ್ಲದವರು ಎಲ್ಲೆಲ್ಲಿ ಅಡಗಿ ಕೂರುತ್ತಾರೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಇಬ್ಬರೂ ಹೋಗಿ ಬುದ್ಧಿ ಹೇಳುವುದಿಲ್ಲ, ಧೈರ್ಯ ತುಂಬುವುದಿಲ್ಲ. ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುತ್ತಾರೆ. "ನಾಳೆ ಬನ್ನಿ, ನಿಮ್ಮ ಕುರ್ಚಿ ಒರೆಸಿಟ್ಟಿರ್ತೀನಿ," ಎಂದು ಹೇಳಿ ಎದ್ದು ಬರುತ್ತಾರೆ. ಕೆಲವರು ಬರುತ್ತಾರೆ. ಕೆಲವರು ಜಾಗ ಬದಲಿಸುತ್ತಾರೆ, ಮತ್ತೆ ಹುಡುಕಬೇಕು.

ಲೇತ್ ಅಣ್ಣನಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ನಡುವೆ ಒಂದು ವಾರ ಗೇಟು ರಿಪೇರಿಯ ಕೆಲಸ ಬಂತು, ಮುಗಿಯಿತು. ಈಗ ಸಂಜೆ ಮನೆಗೆ ಹೋಗಿ ಅವತ್ತು ಕೂಗಿದ ಕೆಲಸಗಳನ್ನು ಹೆಂಡತಿಗೆ ಹೇಳುವಾಗ ಇದ್ದದ್ದನ್ನೇ ಹೇಳುತ್ತಾರೆ. ಏನೂ ಕೂಗದ ದಿನ ಏನೂ ಕೂಗಲಿಲ್ಲ ಎನ್ನುತ್ತಾರೆ.

ಈ ಬೆಳಿಗ್ಗೆಯೂ ಒಣಬಟ್ಟೆ ಕುರ್ಚಿಯಿಂದ ಕುರ್ಚಿಗೆ ಸಾಗಿದೆ. ಹೊರಗೆ ಮೆಟ್ಟಿಲ ಮೇಲೆ ಏಳೆಂಟು ಜನ ಮಾತು ನಿಲ್ಲಿಸಿ ಕೂತಿದ್ದಾರೆ. ಅಕ್ಕನ ದನಿ ಮೊದಲಿನ ಹಾಗೆ ಗೊಣಗಾಟವಲ್ಲ, ರಸ್ತೆಯವರೆಗೂ ಹೋಗುವ ದನಿ. ಪೇಂಟರ್‌ಗೆ ಕೆಲಸ ಕೊಡಪ್ಪ, ಕೊಡೋವರೆಗೂ ಬರ್ತಾ ಇರ್ಲಿ. ಹೊಲಿಗೆಯವಳಿಗೆ ಕೊಡಪ್ಪ, ಕೊಡೋವರೆಗೂ ಬರ್ತಾ ಇರ್ಲಿ. ಇಷ್ಟು ಜೋರಾಗಿ ಕೂಗಬೇಕೇ, ದೇವರಿಗೇನು ಕಿವುಡೇ ಎಂದು ಕೌಂಟರಿನ ಮೇಡಂ ಒಮ್ಮೆ ನಕ್ಕರಂತೆ. ಅವರಿಗೆ ಕೊಟ್ಟ ಉತ್ತರವನ್ನೇ ಅಕ್ಕ ಈಗಲೂ ಕೊಡುತ್ತಾರೆ, ಬಟ್ಟೆ ಕೊಡವುತ್ತಾ:

"ದೇವರಿಗೆ ಕೇಳಿಸುತ್ತೋ ಇಲ್ವೋ, ಅದನ್ನ ಹೇಳೋಕೆ ನಾನ್ಯಾರು? ಹೊರಗೆ ಕೂತಿರೋರಿಗೆ ಕೇಳಿಸುತ್ತೆ. ಅಷ್ಟು ಗ್ಯಾರಂಟಿ ನಾನು ಕೊಡ್ತೀನಿ."